ಡಿಚ್ ಮಾಡಿದವಳು

ಆ ಮಾತು ಕುಸುಮಳ ಮನೆಯೊಳಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ದೋಸೆಯ ತಟ್ಟೆ ಗೋಡೆಗೆ ಬಡಿದ ಸದ್ದಿನ ಜೊತೆಗೆ.

ಮಗ ರೇವಂತ್ ತಿನ್ನಲು ಕೂತವನು ಫೋನು ನೋಡಿದ. ಮುಖ ಕಪ್ಪಿಟ್ಟಿತು. ತಟ್ಟೆಯನ್ನು ಎತ್ತಿ ಬೀಸಿ ಒಗೆದ. ಚಟ್ನಿ ಗೋಡೆಯ ಮೇಲಿಂದ ನಿಧಾನವಾಗಿ ಇಳಿದು ಸ್ವಿಚ್ ಬೋರ್ಡಿನ ಹತ್ತಿರ ನಿಂತಿತು.

"ಏನೋ ಅದು, ತಿನ್ನೋ ಅನ್ನದ ಮೇಲೆ!" ಎಂದು ದಿವಾನದ ಮೇಲೆ ಕೂತಿದ್ದ ಅಜ್ಜಿ ಅಕ್ಕಯ್ಯಮ್ಮ ಕೂಗಿದರು.

"ಡಿಚ್ ಮಾಡಿದ್ಳು ಅಜ್ಜಿ! ಆ ನೀಲಾ ನನ್ನ ಡಿಚ್ ಮಾಡಿದ್ಳು!"

"ಏನು ಮಾಡಿದ್ಳು?"

"ಕೈ ಕೊಟ್ಲು ಅಂತ ಅಜ್ಜಿ," ಎಂದಳು ಕವನಾ. ಪಿಯುಸಿ ಓದುವ ಮಗಳು. ಅಣ್ಣನ ತಟ್ಟೆ ಹಾರಿದರೂ ತನ್ನ ದೋಸೆ ಬಿಡದೆ ತಿನ್ನುತ್ತಿದ್ದವಳು. "ಇಂಗ್ಲಿಷಲ್ಲಿ ಡಿಚ್ ಅಂದ್ರೆ ಹಳ್ಳ. ಹಳ್ಳಕ್ಕೆ ತಳ್ಳಿ ಹೋದ್ಳು ಅನ್ನೋ ಥರ."

"ಯಾವ ನೀಲಾ? ಮೇಲಿನ ಶೀಟ್ ಮನೆ ಹುಡುಗೀನಾ? ಅವಳಿಗೂ ನಿಂಗೂ ಏನೋ ಸಂಬಂಧ?"

ಆ ಪ್ರಶ್ನೆ ಕುಸುಮಳ ಬಾಯಲ್ಲೂ ಇತ್ತು. ಮಗನಿಗೆ ಒಂದು ಹುಡುಗಿ ಇದ್ದಾಳೆ ಎಂಬುದೂ, ಅವಳು ಬಿಟ್ಟು ಹೋದಳು ಎಂಬುದೂ ಮನೆಯವರಿಗೆ ಒಂದೇ ಉಸಿರಿನಲ್ಲಿ ತಿಳಿದಿತ್ತು.

ಬ್ಯಾಡರಹಳ್ಳಿಯಲ್ಲಿ ಕುಸುಮಳ ಗಂಡ ನಾಗರಾಜುವಿನ ತಾಯಿ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈಗ ಈ ಮೂರು ಅಂತಸ್ತಿನ ಮನೆ ಎದ್ದಿತ್ತು. ಕೆಳಗೆ ಇವರು, ಮೇಲೆಲ್ಲ ಬಾಡಿಗೆಯವರು. ತಾರಸಿಯ ಮೇಲಿನ ಶೀಟ್ ಹೊದಿಸಿದ ಒಂಟಿ ಕೋಣೆಯಲ್ಲಿ ಗದಗದ ಕಡೆಯ ನೀಲಾಂಬಿಕಾ, ಅವಳ ಅಣ್ಣ ವೀರೇಶ. ಅವನು ಬೈಕಿನಲ್ಲಿ ಊಟ ತಲುಪಿಸುವ ಕೆಲಸದವನು. ಅವಳು ಬಸವೇಶ್ವರನಗರದ ಒಂದು ಕನ್ನಡಕದ ಅಂಗಡಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ "ಬರ್ತೀನ್ರೀ ಆಂಟಿ" ಎಂದು ತಪ್ಪದೆ ಹೇಳುವ ಹುಡುಗಿ.

ನಾಗರಾಜು ಸ್ನಾನ ಮುಗಿಸಿ ಬಂದವನು ಸಂಗತಿ ಕೇಳಿ ಕುದ್ದುಹೋದ.

"ನಮ್ಮ ಮನೆ ನೀರು ಕುಡ್ಕೊಂಡು ನಮ್ಮ ಹುಡುಗನಿಗೇ ಕೈ ಕೊಡ್ತಾಳಾ? ಎಷ್ಟು ಕೊಬ್ಬು ಅವಳಿಗೆ!"

"ಅವಳು ಒಪ್ಪಿದ್ರೆ ನೀವು ಮದುವೆ ಮಾಡ್ತಿದ್ರಾ?" ಗೋಡೆ ಒರೆಸುತ್ತಿದ್ದ ಕುಸುಮಾ ಕೇಳಿದಳು. "ನಮ್ಮ ಜಾತಿಯಲ್ಲ, ನಮ್ಮ ಕಡೆಯವಳಲ್ಲ. ಮೊದಲು ಇವನ ಕಾಲು ಮುರೀತಿದ್ದೋರು ನೀವೇ."

"ಅದು ಬೇರೆ, ಇದು ಬೇರೆ. ಬೇಡ ಅನ್ನಬೇಕಾದೋರು ನಾವು. ಅವಳ್ಯಾರು ಬೇಡ ಅನ್ನೋಕೆ?"

ಅಂದೇ ಮಧ್ಯಾಹ್ನ ನಾಗರಾಜು ಶೀಟ್ ಮನೆಗೆ ಹೋಗುವ ನೀರಿನ ವಾಲ್ವು ಮುಚ್ಚಿ ಬಂದ.

*

ಮರುದಿನ ಒಗೆದ ಬಟ್ಟೆ ಒಣಹಾಕುವ ನೆಪದಲ್ಲಿ ಕುಸುಮಾ ತಾರಸಿಗೆ ಹೋದಳು. ಮೊದಲು ವಾಲ್ವು ತೆಗೆದಳು. ಆಮೇಲೆ ಖಾಲಿ ಕೊಡ ಹಿಡಿದು ನಿಂತಿದ್ದ ನೀಲಾಂಬಿಕಾಳನ್ನು ಕರೆದಳು.

"ಇವತ್ತು ಕೆಲಸಕ್ಕೆ ಹೋಗಿಲ್ವಾ?"

"ಸ್ನಾನಕ್ಕ ನೀರಿಲ್ಲ ಆಂಟಿ, ಹ್ಯಾಂಗ ಹೋಗ್ಲಿ?"

"ಈಗ ಬರುತ್ತೆ ಹಿಡ್ಕೋ. ನಂಗೆ ಒಂದು ನಿಜ ಹೇಳು. ನನ್ನ ಮಗನಿಗೆ ನೀನೇನಾದ್ರೂ ಮಾತು ಕೊಟ್ಟಿದ್ಯಾ?"

ಹುಡುಗಿಯ ಕಣ್ಣು ತುಂಬಿತು. ಆದರೆ ಮಾತು ಗಟ್ಟಿಯಾಗಿಯೇ ಬಂತು.

"ಇಲ್ರೀ. ಒಂದಿನ ಜೋರ್ ಮಳಿ ಬಂದಿತ್ತು, ಬಸ್ ಸ್ಟಾಪಿನಾಗ ನಿಂತಿದ್ದೆ. ಇವರು ಬಂದು ಗಾಡಿ ಹತ್ತು ಅಂದ್ರು, ಹತ್ತಿದೆ. ಆಮ್ಯಾಲ ಮೆಸೇಜ್ ಹಾಕಾಕ ಶುರು ಮಾಡಿದ್ರು. ಮನಿ ಮಾಲಕರ ಮಗ ಅಂತ, ಊಟ ಆತ್ರೀ ಅಂತ ನಾನೂ ಹಾಕ್ತಿದ್ದೆ. ಮೊನ್ನೆ ಲಗ್ನ ಆಗೂಣು ಅಂದ್ರು. ನನಗ ಆ ವಿಚಾರ ಇಲ್ರೀ ಅಂದೆ. ಅದಕ್ಕ ಡಿಚ್ ಮಾಡಿದಿ, ಡಿಚ್ ಮಾಡಿದಿ ಅಂತಾರ. ನಾ ಯಾವಾಗ ಹಿಡದಿದ್ದೆ ಆಂಟಿ, ಬಿಡಾಕ?"

ಕುಸುಮಾ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿ ನೀರು ಬಂತು.

"ಬೇರೆ ಮನೆ ನೋಡ್ಕೊಳಿ ಮರಿ. ಬೇಗ."

"ಕೆಂಗೇರಿ ಕಡೆ ಒಂದು ನೋಡೇವ್ರೀ. ಈಗಿದ್ದವರು ತಿಂಗಳ ಕೊನೀಗೆ ಬಿಡ್ತಾರಂತ."

ತಿಂಗಳ ಕೊನೆ ಬಹಳ ದೂರವಿತ್ತು. ಅಷ್ಟರಲ್ಲಿ ಆ ಮಾತಿಗೆ ಕಾಲು ಬಂದಿತ್ತು. ರೇವಂತ್ ಅದನ್ನು ಫೋನಿನ ಸ್ಟೇಟಸ್ಸಿಗೆ ಹಾಕಿದ. ಅವನ ಸ್ನೇಹಿತರು ಗೇಟಿನ ಮುಂದೆ ಬೈಕುಗಳ ಮೇಲೆ ಕೂತು, "ಏನ್ ಮಚ್ಚಾ, ಡಿಚ್ ಮಾಡಿದೋಳು ನಿನ್ನ ತಲೆ ಮೇಲೇ ಓಡಾಡ್ತಾಳೆ, ನೀನು ಕೆಳಗೆ ಕೂತು ಕೇಳ್ತಾ ಇರ್ತೀಯಾ?" ಎಂದು ಕೆಣಕಿದರು. ಸೊಪ್ಪಿನ ಗಾಡಿಯ ಹತ್ತಿರ ಪಕ್ಕದ ಮನೆ ಪಾಪಮ್ಮ ದಂಟಿನ ಕಟ್ಟು ಹಿಡಿದುಕೊಂಡು, "ನಿಮ್ಮ ರೇವಂತನ್ನ ಯಾವಳೋ ಡಿಚ್ ಮಾಡಿದ್ಳಂತಲ್ಲ ಕುಸುಮಾ, ಪಾಪ, ಹುಡುಗ ಸೊರಗಿ ಹೋಗಿದಾನೆ," ಎಂದಳು. ಇಂಗ್ಲಿಷಿನ ಗಂಧವೇ ಇಲ್ಲದ ಪಾಪಮ್ಮನ ಬಾಯಲ್ಲೂ ಅದು ಹುಟ್ಟಿದಾಗಿನಿಂದ ಆಡಿದ ಮಾತಿನ ಹಾಗೆ ಸಲೀಸಾಗಿ ಬಂತು. ಅದನ್ನು ಕೇಳಿದವರೆಲ್ಲರಿಗೂ ರೇವಂತ್ ಪಾಪದವನಾದ, ಆ ಹುಡುಗಿ ಮೋಸಗಾತಿಯಾದಳು. ಏನಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಒಂದು ಸಂಜೆ ರೇವಂತ್ ಬಲಗೈ ಊದಿಸಿಕೊಂಡು ಬಂದ. ಬೆರಳ ಗಿಣ್ಣುಗಳ ಚರ್ಮ ಕಿತ್ತಿತ್ತು. "ಬಿಸಿನೀರು ಕೊಡಮ್ಮ," ಎಂದ.

"ಯಾರಿಗೆ ಹೊಡೆದೆ?"

"ನೀರು ಕೊಡು ಅಂದೆ."

ಅವಳು ನೀರು ಕೊಟ್ಟಳು, ಅರಿಶಿನ ಹಚ್ಚಿದಳು, ಬಡಿಸಿದಳು. ಅವನು ಎಡಗೈಲಿ ಚಮಚ ಹಿಡಿದು ಅನ್ನ ಸಾರು ತಿನ್ನುತ್ತಿದ್ದಾಗ ಗೇಟಿನಲ್ಲಿ ವೀರೇಶ ಕಂಡ. ಅಂಗಿಯ ಮುಂಭಾಗವೆಲ್ಲ ರಕ್ತ. ಮುಂದಿನ ಹಲ್ಲು ಎರಡು ಇರಲಿಲ್ಲ. ಊಟದ ಚೀಲ ಹರಿದು ಹೆಗಲಿನಿಂದ ನೇತಾಡುತ್ತಿತ್ತು. ನೀಲಾಂಬಿಕಾ ಅವನ ತೋಳು ಹಿಡಿದಿದ್ದಳು. ಇಬ್ಬರೂ ಠಾಣೆಗೆ ಹೊರಟಿದ್ದರು.

ನಾಗರಾಜು ಗೇಟಿಗೆ ಅಡ್ಡ ನಿಂತ. ದನಿ ಏರಿಸಲೇ ಇಲ್ಲ.

"ಹೋಗಪ್ಪ, ಧಾರಾಳವಾಗಿ ಹೋಗು. ಆದ್ರೆ ಹಗಲೂ ರಾತ್ರಿ ಗಾಡೀಲಿ ತಿರುಗೋನು ನೀನು. ಮನೇಲಿ ತಂಗಿ ಒಬ್ಳೇ ಇರ್ತಾಳೆ. ಯೋಚ್ನೆ ಮಾಡಿ ಹೋಗು."

ವೀರೇಶ ತಂಗಿಯ ಮುಖ ನೋಡಿದ. ಇಬ್ಬರೂ ತಿರುಗಿ ಮೆಟ್ಟಿಲು ಹತ್ತಿದರು. ಒಳಗೆ ರೇವಂತ್ ಇನ್ನೊಂದು ಸೌಟು ಸಾರು ಕೇಳಿದ. ಕುಸುಮಾ ಹಾಕಿದಳು. ಹಾಕಿದ ಕೈ ತನ್ನದೇ ಎಂದು ಅವಳಿಗೆ ಬಹಳ ಹೊತ್ತು ನಾಚಿಕೆಯಾಯಿತು.

*

ಮೂರನೆಯ ವಾರ ಪೆಟ್ಟು ಮನೆಯೊಳಗೇ ಬಿತ್ತು.

ಸಂಜೆ ಎಲ್ಲರೂ ಅವರೆಕಾಯಿ ಸುಲಿಯಲು ಕೂತಿದ್ದರು. ರೇವಂತ್ ಮಾತ್ರ ಫ್ರಿಜ್ಜಿಗೆ ಒರಗಿ ನಿಂತು, ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ, ಅದೇ ಹಾಡು ಶುರು ಮಾಡಿದ. ನನ್ನ ಡಿಚ್ ಮಾಡಿ ನೆಮ್ಮದಿಯಾಗಿ ಕೆಂಗೇರಿಗೆ ಹೋಗ್ತಾಳಂತೆ, ನೋಡ್ತೀನಿ ಹೆಂಗೆ ಹೋಗ್ತಾಳೆ ಅಂತ.

ಕವನಾ ತಲೆ ಎತ್ತದೆ ಹೇಳಿದಳು: "ಅದು ಡಿಚ್ ಅಲ್ಲ ಕಣೋ."

"ಏನಂದೆ?"

"ಡಿಚ್ ಅಂದ್ರೆ ಜೊತೇಲಿದ್ದೋರು ಬಿಟ್ಟು ಹೋಗೋದು. ಅವ್ಳು ನಿನ್ ಜೊತೆ ಯಾವತ್ತಿದ್ಳು? ನೀನು ಕೇಳ್ದೆ, ಅವ್ಳು ಬೇಡ ಅಂದ್ಳು. ಅಷ್ಟೇ. ಅದಕ್ಕೆ ಬೇರೆ ಪದ ಇದೆ. ಇನ್ಮೇಲಾದ್ರೂ ಸರಿಯಾಗಿ ಹೇಳು."

ಅವನು ಎರಡು ಹೆಜ್ಜೆಗೆ ಬಂದು ಜಡೆ ಹಿಡಿದು ಎತ್ತಿದ. ಕುಸುಮಾ ಏಳುವಷ್ಟರಲ್ಲಿ ಕವನಾಳ ತಲೆ ಫ್ರಿಜ್ಜಿನ ಬಾಗಿಲಿಗೆ ಬಡಿಯಿತು. ಒಮ್ಮೆ, ಮತ್ತೊಮ್ಮೆ. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವರೆಕಾಳು ನೆಲದ ತುಂಬ ಚೆಲ್ಲಾಡಿತು. ಕುಸುಮಾ ಮಗನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದ ಮೇಲೆ ಅವನು ಜಡೆ ಬಿಟ್ಟ.

"ಇಂಗ್ಲಿಷ್ ಹೇಳಿಕೊಡ್ತಾಳೆ ನಂಗೆ!" ಎಂದು ಅವನು ಹೊರಗೆ ಹೋದ.

ನಾಗರಾಜು ಎದ್ದಿರಲಿಲ್ಲ. "ನಿಂಗ್ಯಾಕೆ ಬೇಕಿತ್ತು ಅಧಿಕಪ್ರಸಂಗ? ಮೊದಲೇ ನೊಂದಿದಾನೆ ಅವನು," ಎಂದು ಮಗಳಿಗೇ ಹೇಳಿದ.

ಕುಸುಮಾ ಮಗಳನ್ನು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಹೊಲಿಗೆ ಹಾಕುತ್ತಾ ಡಾಕ್ಟರಮ್ಮ, "ಹೇಗಾಯ್ತು?" ಎಂದರು. "ಬಾತ್‌ರೂಮಲ್ಲಿ ಜಾರಿದ್ಳು ಮೇಡಂ," ಎಂದಳು ಕುಸುಮಾ. ಒಂದೇ ಕಣ್ಣು ತೆರೆದುಕೊಂಡಿದ್ದ ಕವನಾ ಆ ಕಣ್ಣಿನಿಂದ ಅಮ್ಮನನ್ನೇ ನೋಡುತ್ತಿದ್ದಳು.

ಮೊಮ್ಮಗಳ ಹಣೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತುತ್ತಾ ಅಕ್ಕಯ್ಯಮ್ಮ ಯಾರೂ ಕೇಳದೆಯೇ ಹೇಳಿದರು:

"ನಿಮ್ಮ ಮಾವ ನನ್ನ ಬಿಟ್ಟು ಮಾಗಡೀಲಿ ಇನ್ನೊಬ್ಬಳ ಜೊತೆ ಸಂಸಾರ ಮಾಡಿದ ಕುಸುಮಾ. ನಾಗ ಆಗ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಊರೋರು ಏನಂದ್ರು ಗೊತ್ತಾ? ಗಂಡನ್ನ ಇಟ್ಕೊಳ್ಳೋಕೆ ಬರ್ದಿರೋ ಮುಂಡೆ ಅಂದ್ರು. ಬಿಟ್ಟೋನು ಅವನು, ಮಾತು ನಂಗೆ. ನಾನೇನು ಮಚ್ಚು ತಗೊಂಡು ಮಾಗಡಿಗೆ ಹೋದ್ನಾ? ಹೊಲ ಗೇದೆ."

"ಮತ್ತೆ ಇವನಿಗೆ ಬುದ್ಧಿ ಹೇಳಿ ಅತ್ತೆ. ನಿಮ್ಮ ಮಾತಾದ್ರೆ ಕೇಳ್ತಾನೆ."

ಮುದುಕಿ ಬಟ್ಟೆಯ ನೀರು ಹಿಂಡಿ ಮತ್ತೆ ಮೊಮ್ಮಗಳ ಹಣೆಗೆ ಒತ್ತಿದರು. "ನಮ್ಮ ಮನೆ ದೀಪ ಕಣೇ ಅವನು. ತಾನಾಗೇ ತಣ್ಣಗಾಗ್ತಾನೆ, ತಾಳು."

*

ಅವನು ತಣ್ಣಗಾಗಲಿಲ್ಲ.

ಅಣ್ಣತಂಗಿ ಮನೆ ಖಾಲಿ ಮಾಡುವ ಹಿಂದಿನ ದಿನ ಬೆಳಿಗ್ಗೆ. ವೀರೇಶ ಸಾಮಾನು ಸಾಗಿಸಲು ಗಾಡಿ ಗೊತ್ತು ಮಾಡಿಕೊಂಡು ಬರಲು ಹೋಗಿದ್ದ. ಕುಸುಮಾ ಅಂಗಳ ತೊಳೆದು ರಂಗೋಲಿ ಬಿಡುತ್ತಿದ್ದಾಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಡಬ್ಬಗಳು ಉರುಳಿದ ಸದ್ದು ಕೇಳಿತು. ರೇವಂತ್ ಅಲ್ಲಿಂದ ಎಳನೀರು ಕೊಚ್ಚುವ ಮಚ್ಚು ತೆಗೆದುಕೊಂಡು ಹೊರಗೆ ಬಂದ. ಬನಿಯನ್, ಚಡ್ಡಿ, ಬರಿಗಾಲು.

"ರೀ! ನೋಡ್ರೀ ಇವನ್ನ!" ಕುಸುಮಾ ಕಿರುಚಿದಳು.

ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದ ನಾಗರಾಜು ಕತ್ತು ಚಾಚಿ ನೋಡಿದ. "ಸ್ವಲ್ಪ ಹೆದರಿಸ್ಲಿ ಬಿಡು. ಹೋಗೋ ಮುಂಚೆ ಒಂದು ಪಾಠ ಕಲೀಲಿ."

ಇಪ್ಪತ್ತೈದು ವರ್ಷ ಆ ಗಂಡನ ಮುಂದೆ ತಲೆತಗ್ಗಿಸಿ ಬಾಳಿದ ಹೆಂಗಸು ಅಂದು ರಂಗೋಲಿಯನ್ನು ತುಳಿದುಕೊಂಡೇ ಓಡಿದಳು. ಮೊದಲ ಅಂತಸ್ತಿನ ತಿರುವಿನಲ್ಲಿ ಮಗನ ಬನಿಯನ್ ಹಿಡಿದಳು. ಅವನು ಮೊಣಕೈಯಿಂದ ಅವಳ ಎದೆಗೆ ತಿವಿದ. ಅವಳು ಗೋಡೆಗೆ ಬಿದ್ದಳು, ಎದ್ದಳು. ಕೊನೆಯ ಅಂತಸ್ತಿನಲ್ಲಿ ಬಾಡಿಗೆಯವರ ಗ್ಯಾಸ್ ಸಿಲಿಂಡರ್ ಎಡವಿ ಅವನು ಮುಗ್ಗರಿಸಿದ. ಆ ಸಂದಿನಲ್ಲಿ ಅವಳು ಅವನನ್ನು ದಾಟಿದಳು.

ನೀಲಾಂಬಿಕಾ ತಾರಸಿಯ ಕಲ್ಲಿನ ಮೇಲೆ ಬಟ್ಟೆಗೆ ಸೋಪು ಹಚ್ಚುತ್ತಿದ್ದಳು.

"ಒಳಗೆ ಹೋಗು! ಹೋಗೇ ಒಳಗೆ!"

ಹುಡುಗಿಗೆ ಅರ್ಥವಾಗಲಿಲ್ಲ. ಕುಸುಮಾ ಅವಳ ರಟ್ಟೆ ಹಿಡಿದು ಕೋಣೆಯೊಳಗೆ ನೂಕಿ, ಬಾಗಿಲೆಳೆದು, ಹೊರಗಿನ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಪಕ್ಕಕ್ಕೆ ಸರಿಯಮ್ಮ," ಎಂದ ರೇವಂತ್. ಏದುಸಿರು. ಕಣ್ಣು ಅವನದಲ್ಲ ಅನ್ನಿಸುವಷ್ಟು ಕೆಂಪು.

"ಸರಿಯಲ್ಲ."

"ಆಚೆ ಸರಿ. ನಿಂಗೆ ಗೊತ್ತಾಗಲ್ಲ. ಅವ್ಳು ನನ್ನ..."

"ಅವಳು ನಿನ್ನ ಏನೂ ಮಾಡಿಲ್ಲ ಕಣೋ! ಬೇಡ ಅಂದ್ಳು. ಬೇಡ ಅನ್ನೋ ಮಾತು ಒಂದು ಹೆಣ್ಣಿನ ಬಾಯಲ್ಲಿ ನೀನು ಕೇಳೇ ಇಲ್ಲ. ನಾನೇ ಹೇಳಿಲ್ಲ ನಿಂಗೆ ಯಾವತ್ತೂ. ಈಗ ಹೇಳ್ತಾ ಇದೀನಿ. ಬೇಡ. ಮಚ್ಚು ಕೆಳಗಿಡು."

ಅವನು ಬಾಗಿಲಿಗೆ ಬೀಸಿದ. ಅವಳ ಕಿವಿಯ ಪಕ್ಕದಲ್ಲೇ ಮರ ಸೀಳಿತು. ಒಳಗಿನಿಂದ ಹುಡುಗಿಯ ಚೀತ್ಕಾರ ಕೇಳಿಸಿತು. ಅವನು ಮಚ್ಚು ಕಿತ್ತು ಮತ್ತೆ ಎತ್ತಿದ. ಕುಸುಮಾ ಬಲಗೈ ಅಡ್ಡ ಹಿಡಿದಳು. ಬಾಗಿಲಿಗೆ ಬೀಳಬೇಕಾದ ಏಟು ಮೊಣಕೈಯ ಕೆಳಗೆ ಬಿತ್ತು. ಮೊದಲು ನೋವೇ ಆಗಲಿಲ್ಲ. ಬೆಳ್ಳಗೆ ಮೂಳೆ ಕಂಡಿತು, ಆಮೇಲೆ ರಕ್ತ ಬುಗ್ಗೆಯಂತೆ ಬಂತು.

ರೇವಂತ್ ನಿಂತಲ್ಲೇ ಕಲ್ಲಾದ. ಮಚ್ಚು ಕೈಜಾರಿ ಸೋಪಿನ ನೊರೆಯಲ್ಲಿ ಬಿತ್ತು. "ಅಮ್ಮ, ನಿಂಗಲ್ಲಮ್ಮ, ನಿಂಗೆ ಹೊಡೀಲಿಲ್ಲ," ಎಂದು ಗೊಣಗುತ್ತಾ ನೆಲಕ್ಕೆ ಕುಸಿದ.

ಬಾಡಿಗೆಯವರು ಓಡಿ ಬಂದರು. ಯಾರೋ ಟವೆಲಿನಿಂದ ತೋಳು ಬಿಗಿದರು. ನಾಗರಾಜು ಮೇಲೆ ಬಂದವನು ಹೆಂಡತಿಯ ಮುಖ ನೋಡುವ ಮೊದಲು ಮಚ್ಚು ಎತ್ತಿ ನಲ್ಲಿಯ ಕೆಳಗೆ ಹಿಡಿದು ತೊಳೆದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ತೆಂಗಿನಕಾಯಿ ಸುಲೀತಿದ್ದೆ, ಕೈಗೆ ಬಿತ್ತು ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ. ಕೇಳಿಸ್ತಾ?"

ಅವಳಿಗೆ ಕೇಳಿಸಿತ್ತು. ಆದರೆ ಕವನಾ ಆಗಲೇ ಕೆಳಗಿನಿಂದ ನೂರಾ ಹನ್ನೆರಡಕ್ಕೆ ಫೋನು ಮಾಡಿಬಿಟ್ಟಿದ್ದಳು. ಬಂದ ಪೊಲೀಸರಲ್ಲಿ ಒಬ್ಬಳು ಹೆಂಗಸು. ಆಂಬುಲೆನ್ಸಿನ ಬಾಗಿಲಲ್ಲಿ ಬಗ್ಗಿ, "ಏನಾಯ್ತಮ್ಮ? ಯಾರು ಹೊಡೆದ್ರು?" ಎಂದು ಕೇಳಿದಳು. ನಾಗರಾಜು ಬಾಯಿ ತೆರೆದ. ಹೊಲಿಗೆ ಹಾಕಿದ ಹುಬ್ಬಿನ ಕವನಾ ಅಮ್ಮನ ಕಾಲ ಬುಡದಲ್ಲಿ ನಿಂತಿದ್ದಳು.

"ನನ್ನ ಮಗ," ಎಂದಳು ಕುಸುಮಾ. "ಮೇಲಿನ ಹುಡುಗೀನ ಕಡಿಯೋಕೆ ಹೋದ. ನಾನು ಅಡ್ಡ ನಿಂತೆ. ಇವಳ ಹುಬ್ಬು ಒಡೆದೋನೂ ಅವನೇ. ಆ ಹುಡುಗೀ ಅಣ್ಣನ ಹಲ್ಲು ಉದುರಿಸಿದ್ದೂ ಅವನೇ."

ಜೀಪಿಗೆ ಹತ್ತಿಸುತ್ತಿದ್ದಾಗ ರೇವಂತ್ ತಿರುಗಿ ನೋಡಿದ. ಕೇರಿಯ ಜನವೆಲ್ಲ ಸೇರಿತ್ತು.

"ಅಮ್ಮಾ! ನೀನೂ ನನ್ನ ಡಿಚ್ ಮಾಡಿಬಿಟ್ಟೆ!"

ಕುಸುಮಾ ಜೀಪಿನ ಮೆಟ್ಟಿಲ ಮೇಲಿದ್ದ ಅವನ ಕಾಲು ನೋಡಿದಳು. "ಕವನಾ, ಅವನು ಬರಿಗಾಲಲ್ಲಿದಾನೆ. ಚಪ್ಪಲಿ ತಂದ್ಕೊಡೇ," ಎಂದಳು. ಕವನಾ ಒಂದು ಕ್ಷಣ ಕದಲಲಿಲ್ಲ. ಆಮೇಲೆ ಒಳಗೆ ಹೋಗಿ ತಂದಳು.

*

ಆಸ್ಪತ್ರೆಯಿಂದ ಬಂದ ಮೇಲೆ ಮನೆ ಮೊದಲಿನ ಮನೆಯಾಗಿರಲಿಲ್ಲ. ಮೂಳೆಗೆ ಪ್ಲೇಟು ಹಾಕಿ, ಕೈಯನ್ನು ಬೆರಳ ತುದಿಯವರೆಗೆ ಕಟ್ಟಿದ್ದರು. ಶೀಟ್ ಮನೆ ಖಾಲಿಯಾಗಿತ್ತು. ನೀಲಾಂಬಿಕಾ ಆಸ್ಪತ್ರೆಗೇ ಬಂದು ಕೂತು, ಮಾತಾಡಲಾಗದೆ ಕಾಲು ಹಿಡಿದುಕೊಂಡು ಅತ್ತು, ಕೆಂಗೇರಿಗೆ ಹೋಗಿದ್ದಳು. ಅಡುಗೆ ಕವನಾ ಮಾಡುತ್ತಿದ್ದಳು. ಅಮ್ಮನಿಗೆ ತಲೆ ಬಾಚಿ, ತುತ್ತು ಕೊಟ್ಟು, ಕಾಲೇಜಿಗೆ ಓಡುತ್ತಿದ್ದಳು. ಅಕ್ಕಯ್ಯಮ್ಮ ಸೊಸೆಯ ಜೊತೆ ಮಾತು ಬಿಟ್ಟರು. ಅವಳು ಹಾಲ್‌ಗೆ ಬಂದರೆ ಇವರು ಗೋಡೆ ಕಡೆ ಹೊರಳಿ ಮಲಗುತ್ತಿದ್ದರು. ನಾಗರಾಜು ಹಗಲೆಲ್ಲ ವಕೀಲರ ಹಿಂದೆ ಓಡಾಡಿ, ಬಂದವನು ಬಾಗಿಲುಗಳನ್ನು ದಡಾರನೆ ಹಾಕುತ್ತಿದ್ದ.

ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕೆಂದು ಕರೆ ಬಂತು. ಹಿಂದಿನ ಸಂಜೆ ನಾಗರಾಜು ಕುಸುಮಳ ಎದುರು ಕುರ್ಚಿ ಎಳೆದು ಕೂತ.

"ವಕೀಲರು ಹೇಳಿದಾರೆ. ನೀನು ಆಕಸ್ಮಿಕ ಅಂದ್ರೆ ಸಾಕು, ಜಾಮೀನು ಸಿಗುತ್ತೆ. ಕೇಸೇ ಬಿದ್ದುಹೋಗುತ್ತೆ."

"ಮುಂದೆ?"

"ಮುಂದೆ ಏನು? ಮನೆಗೆ ಬರ್ತಾನೆ."

"ಕೆಂಗೇರಿ ಎಷ್ಟು ದೂರ ಇಲ್ಲಿಂದ?"

ನಾಗರಾಜು ಅವಳ ಕಟ್ಟಿದ ಕೈಯನ್ನೇ ಹಿಡಿದು ಹಿಂಡಿದ. ಅವಳ ಕಣ್ಣು ಕತ್ತಲಿಟ್ಟಿತು. "ನೀನು ಹೆತ್ತ ತಾಯೇನೇ? ನಾಳೆ ಬಾಯಿ ಬಿಟ್ರೆ ಈ ಹೊಸಲು ತುಳೀಬೇಡ. ಸುಟ್ಟು ಹಾಕಿಬಿಡ್ತೀನಿ." ಕವನಾ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಬಂದು ನಿಂತ ಮೇಲೆ ಅವನು ಕೈ ಬಿಟ್ಟ. ದಿವಾನದ ಮೇಲೆ ಅಕ್ಕಯ್ಯಮ್ಮ ಎದ್ದು ಕೂತು ಸೊಸೆಯ ಕಟ್ಟಿದ ಕೈಯನ್ನೇ ನೋಡುತ್ತಿದ್ದರು.

ಮರುದಿನ ಕವನಾಳಿಗೆ ಪರೀಕ್ಷೆ. ಕುಸುಮಾ ಒಬ್ಬಳೇ ಹೋದಳು. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನವರು, ಕನ್ನಡಕ ತೆಗೆದು ಅವಳ ಕೈ ನೋಡಿ, ಕೇಳಬೇಕಾದದ್ದನ್ನು ಕೇಳಿದರು:

"ಯಾರಾದ್ರೂ ಒತ್ತಾಯ ಮಾಡಿದ್ದಕ್ಕೆ ಹೇಳಿಕೆ ಕೊಡ್ತಾ ಇದೀರಾಮ್ಮ?"

"ಒತ್ತಾಯ ಇದೆ ಸ್ವಾಮಿ. ಹೇಳಬೇಡ ಅಂತ."

ಆಮೇಲೆ ಅವಳು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಎಲ್ಲೂ ಅಳಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು.

ಮನೆ ತಲುಪಿದಾಗ ಮಧ್ಯಾಹ್ನ ಮೀರಿತ್ತು. ನಾಗರಾಜುವಿನ ಚಪ್ಪಲಿ ಇರಲಿಲ್ಲ. ಹೊಸಲ ಮೇಲೆ ಅಕ್ಕಯ್ಯಮ್ಮ ಕೂತಿದ್ದರು, ದಾರಿಗೆ ಅಡ್ಡವಾಗಿ. ಕುಸುಮಾ ಮೆಟ್ಟಿಲ ಕೆಳಗೇ ನಿಂತಳು. ಬ್ಯಾಡರಹಳ್ಳಿಯಲ್ಲಿ ಇನ್ನು ಯಾರ ಮನೆಗೆ ಹೋಗಲಿ ಎಂದು ಯೋಚಿಸುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ ಅತ್ತೆ."

"ಎಲ್ಲಾನೂ?"

"ಎಲ್ಲಾನೂ."

ಮುದುಕಿ ಗೋಡೆ ಹಿಡಿದು ಎದ್ದರು. "ಒಳಗೆ ಬಾ. ಅವನು ಬಂದ್ರೆ ನಾನಿದೀನಿ."

ಒಲೆಯ ಮೇಲೆ ಬಿಸಿ ಮುದ್ದೆ, ಬಸ್ಸಾರು. ಎಷ್ಟೋ ವರ್ಷದಿಂದ ಒಲೆಯ ಮುಂದೆ ನಿಂತಿರದ ಮುದುಕಿ ತಾವೇ ತೊಳಸಿದ್ದರು, ಮುದ್ದೆಯಲ್ಲಿ ಗಂಟಿತ್ತು. ತಟ್ಟೆ ಹಿಡಿದು ಸೊಸೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿದರು.

"ನನ್ನ ಮೊಮ್ಮಗನ್ನ ಜೈಲಿಗೆ ಹಾಕಿಸಿದೋಳೇ, ನಿನ್ನ ಹೊಟ್ಟೆಗಿಷ್ಟು ಬೆಂಕಿ ಬೀಳ. ಬಾಯಿ ತೆಗಿ."

ಕುಸುಮಾ ಬಾಯಿ ತೆರೆದಳು.

"ಅವನು ಅಲ್ಲಿ ಏನು ತಿಂತಿದಾನೋ ಏನೋ. ಮಗನ್ನ ಹೆತ್ತ ಹೊಟ್ಟೆನೇನೇ ಅದು, ಕಲ್ಲಾ? ತೆಗಿ ಬಾಯಿ."

ಎರಡನೆಯ ತುತ್ತಿಗೆ ಕುಸುಮಳ ಕಣ್ಣಿನಿಂದ ನೀರು ಹರಿಯಿತು. ಕೋರ್ಟಿನಲ್ಲಿ ಬರದ ಅಳು ಈಗ ತಡೆಯಿಲ್ಲದೆ ಬಂತು, ಮೈಯೆಲ್ಲ ಅಲುಗಿತು.

"ಖಾರ ಆಯ್ತಾ?" ಎಂದರು ಅಕ್ಕಯ್ಯಮ್ಮ. ಅವರ ಕೆನ್ನೆಯೂ ಒದ್ದೆಯಾಗಿತ್ತು.

"ಇಲ್ಲ ಅತ್ತೆ."

"ಹಂಗಾದ್ರೆ ನುಂಗು."